ಬೆರಳ ತುದಿಯ ಚುಕ್ಕೆ

ಇಡೀ ಪಂಪು ಬದಲಿಸಬೇಕೆಂದು ಕಂಪನಿಯವರು ಕೈತೊಳೆದುಕೊಂಡ ಟ್ರ್ಯಾಕ್ಟರುಗಳೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದುದು ರಿಂಗಣ್ಣನ ಶೆಡ್ಡಿನ ಮುಂದೆ. ಜಾಯಿಂಟು ಬಿಚ್ಚಿ, ಸವೆದ ರಬ್ಬರ್ ರಿಂಗು ಕಿತ್ತೆಸೆದು, ಪುಡಿಗಾಸಿನ ಹೊಸದೊಂದನ್ನು ಕೂರಿಸಿದರೆ ಎಣ್ಣೆ ಸೋರುವುದು ಬಂದ್. ಅವನಿಗೆ ಆ ಹೆಸರು ಬಿದ್ದದ್ದೇ ಹಾಗೆ. ಹೆತ್ತವರು ಇಟ್ಟದ್ದು ಮತದಾರರ ಪಟ್ಟಿಯಲ್ಲಷ್ಟೇ ಉಳಿದಿತ್ತು.

ಅವತ್ತು ಮೂರು ಗಾಡಿ ಬಿಚ್ಚಿ ಹರವಿಕೊಂಡಿದ್ದಾಗ ಅಕ್ಕನ ಗಂಡನ ಫೋನು. ಟ್ರ್ಯಾಕ್ಟರಿನ ಮುಂದಿನ ಮಣ್ಣೆತ್ತುವ ಬಕೆಟ್ಟು ಎತ್ತಿದರೆ ನಿಲ್ಲುತ್ತಿಲ್ಲ, ಎಣ್ಣೆ ಎಲ್ಲಿ ಹೋಗುತ್ತಿದೆಯೋ ತಿಳಿಯುತ್ತಿಲ್ಲ ಎಂದ. ರಿಂಗಣ್ಣ ತಲೆಯೆತ್ತದೆ, "ಎಲ್ಲಿ ಸೋರ್ತಿದೆ ನೋಡಿಟ್ಟಿರಿ ಭಾವ, ಬರ್ತೀನಿ" ಅಂದು ಫೋನಿಟ್ಟ.

ಮಧ್ಯಾಹ್ನ ಹೋದರೆ ಭಾವ ಮೆಟ್ಟಿಲ ಮೇಲೆ ಹಲ್ಲು ಕಿಸಿದುಕೊಂಡು ಕೂತಿದ್ದ. ತೋರುಬೆರಳು ಮುಂದೆ ಚಾಚಿದ.

"ಸಿಕ್ತು ಕಣೋ ಭಾಮೈದ. ಇಂಜಿನ್ ಓಡ್ತಿದ್ದಾಗ್ಲೇ ಪೈಪಿನ ಮೇಲೆ ಹೀಗೆ ಕೈಯಾಡಿಸ್ದೆ, ಚುಳ್ ಅಂತು."

ಬೆರಳ ತುದಿಯಲ್ಲಿ ಒಂದು ಕೆಂಪು ಚುಕ್ಕೆ. ರಕ್ತವಿಲ್ಲ, ನೋವೂ ಇಲ್ಲವಂತೆ. ರಿಂಗಣ್ಣ ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ಸೂಜಿಮೊನೆಯಷ್ಟು ತೂತಿನಿಂದ ಪಂಪಿನ ಒತ್ತಡಕ್ಕೆ ಹಾರುವ ಎಣ್ಣೆ ಚರ್ಮ ಸೀಳಿ ಒಳಗೆ ನುಗ್ಗುತ್ತದೆ. ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿಗೆ ಇಂಥದೇ ಚುಕ್ಕೆ ಬಿದ್ದು, ಎರಡನೇ ದಿನಕ್ಕೆ ಕೈ ಕಪ್ಪಾಗಿ, ಮುಂಗೈಯೇ ಹೋಗಿತ್ತು. ಅಂದಿನಿಂದ ರಿಂಗಣ್ಣ ಕೋಲಿನ ತುದಿಗೆ ರಟ್ಟು ಸಿಕ್ಕಿಸಿ ಪೈಪಿನುದ್ದಕ್ಕೂ ಆಡಿಸುತ್ತಿದ್ದ; ರಟ್ಟು ಒದ್ದೆಯಾದಲ್ಲಿ ತೂತು. ಶೆಡ್ಡಿಗೆ ಬಂದವರಿಗೆಲ್ಲ ಇದನ್ನು ಹೇಳಿ ಹೇಳಿ ತಲೆ ತಿನ್ನುತ್ತಿದ್ದ. ಇವತ್ತು ಫೋನಿನಲ್ಲಿ ಹೇಳಿರಲಿಲ್ಲ.

ಆಸ್ಪತ್ರೆಗೆ ನಡೀರಿ ಅಂದರೆ ಭಾವ ನಕ್ಕ. "ಸೂಜಿ ಚುಚ್ಚಿದ್ದಕ್ಕೆ ಆಸ್ಪತ್ರೆನಾ? ನಿಮ್ಮಕ್ಕನ ಜೊತೆ ಇಪ್ಪತ್ತು ವರ್ಷ ಬಾಳಿದೋನು ಕಣೋ, ಇಷ್ಟಕ್ಕೆಲ್ಲ ಸಾಯಲ್ಲ." ಬಾಗಿಲಲ್ಲಿದ್ದ ಅಕ್ಕನೂ ನಕ್ಕಳು. ರಿಂಗಣ್ಣ ರಟ್ಟೆ ಹಿಡಿದು ಎಳೆದು ಬೈಕಿಗೆ ಹತ್ತಿಸಿದ. ಅರ್ಧ ದಾರಿಗೆ ಬೆರಳು ಊದತೊಡಗಿತು. ಭಾವ ಜೋಕು ನಿಲ್ಲಿಸಿದ.

ಕಿರಿಯ ಡಾಕ್ಟರು ಸ್ಪಿರಿಟ್ಟು ಒರೆಸಿ, ಮಾತ್ರೆ ಬರೆದು, ಮನೆಗೆ ಹೋಗಿ ಎಂದರು. ಡಾಕ್ಟರನ್ನು ಕಂಡರೆ ಮಾತು ತಡವರಿಸುತ್ತಿದ್ದ ರಿಂಗಣ್ಣ ಬಾಗಿಲಿಗೆ ಅಡ್ಡಲಾಗಿ ಕುಕ್ಕರಿಸಿದ.

"ಒಳಗೆ ಎಣ್ಣೆ ಇದೆ ಸಾರ್. ದೊಡ್ಡ ಡಾಕ್ಟ್ರು ಕುಯ್ದು ನೋಡ್ಲಿ. ಅಲ್ಲೀವರೆಗೂ ಏಳಲ್ಲ."

ಬೈದರು, ಎಳೆದರು, ಏಳಲಿಲ್ಲ. ಗಲಾಟೆ ಕೇಳಿ ಬಂದ ಸರ್ಜನ್ನು ಬೆರಳು ಒತ್ತಿ ನೋಡಿ, ಯಾವಾಗ ಆಯಿತು ಎಂದಷ್ಟೇ ಕೇಳಿ, ಥಿಯೇಟರಿಗೆ ಕರೆದೊಯ್ದರು. ಎಣ್ಣೆ ಅಂಗೈವರೆಗೂ ಇಳಿದಿತ್ತು.

ಹಿಂದಿನಿಂದ ಬಸ್ಸು ಹಿಡಿದು ಬಂದಿದ್ದ ಅಕ್ಕ ಹೊರಗೆ ಬೆಂಚಿನ ಮೇಲೆ ಕೇಳಿದಳು, "ಕೈ ಹಾಕ್ಬೇಡಿ ಅಂತ ಹೇಳಿರ್ಲಿಲ್ವೇನೋ?"

"ಮರ್ತೆ ಅಕ್ಕ."

ಅವಳು ಬೆಂಚಿನ ಆ ತುದಿಗೆ ಸರಿದು ಕೂತಳು.

ಕೈ ಉಳಿಯಿತು, ತೋರುಬೆರಳು ಉಳಿಯಲಿಲ್ಲ. ಈಗ ಫೋನೆತ್ತಿದರೆ ರಿಂಗಣ್ಣ ಹಲೋ ಅನ್ನುವುದಿಲ್ಲ, "ಕೈ ಹಾಕ್ಬೇಡಿ" ಅನ್ನುತ್ತಾನೆ. ಮದುವೆಗೆ ಕರೆಯಲು ಫೋನು ಮಾಡಿದವರಿಗೂ ಅದೇ. ಮೊನ್ನೆ ಭಾವನಿಗೂ ಅದನ್ನೇ ಅಂದ. ಆ ಕಡೆಯಿಂದ ಉತ್ತರ ಬಂತು:

"ಇನ್ನೂ ಒಂಬತ್ತಿದೆ, ಹೇಳ್ತಿರು."