ಅಪ್ಪನ ಲೋಕಾಯತ

ಅಪ್ಪ ಹೊಂಗನೂರಿನ ಹತ್ತಿರದ ನಮ್ಮ ಹಳ್ಳಿಯ ಶಾಲೆಯಲ್ಲಿ ಕನ್ನಡ ಮೇಷ್ಟ್ರು. ಅವ್ವ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದಳು. ನಾನೂ ತಂಗಿಯೂ ಹಿಪ್ಪುನೇರಳೆ ಸೊಪ್ಪು ಕೊಯ್ದು ತರುತ್ತಿದ್ದೆವು.

ಅಪ್ಪನಿಗೆ ಒಂದು ಹುಚ್ಚಿತ್ತು. ಇರುವುದು ಮಣ್ಣು, ನೀರು, ಬೆಂಕಿ, ಗಾಳಿ ಮಾತ್ರ, ಆತ್ಮವೂ ಇಲ್ಲ, ಪರಲೋಕವೂ ಇಲ್ಲ ಎಂದು ಬಹಳ ಹಿಂದೆಯೇ ಹೇಳಿಹೋದ ಲೋಕಾಯತರ ವಿಚಾರವನ್ನೆಲ್ಲ ಭಾಮಿನಿ ಷಟ್ಪದಿಯಲ್ಲಿ ಕಟ್ಟಬೇಕು, ಪುರಾಣ ಓದುವ ಹಾಗೆ ಊರವರ ಮುಂದೆ ರಾಗವಾಗಿ ಹಾಡಬೇಕು ಎಂಬ ಹುಚ್ಚು. "ಅವ್ರು ಬರೆದಿದ್ದು ಒಂದೂ ಉಳ್ದಿಲ್ಲ ಕಣ್ರವ್ವಾ. ಅವ್ರನ್ನ ಬೈದೋರ ಪುಸ್ತಕದಾಗೆ ಅಷ್ಟೋ ಇಷ್ಟೋ ಐತೆ, ಅದನ್ನೇ ಹೆಕ್ಕಬೇಕು," ಎನ್ನುತ್ತಿದ್ದರು.

ಸಂಜೆ ಶಾಲೆಯ ಜಗುಲಿಯಲ್ಲಿ ಜನ ಸೇರುತ್ತಿದ್ದರು. ಮಳೆ ಹೇಗೆ ಹುಟ್ಟುತ್ತದೆ, ಗುಡುಗು ಯಾಕೆ, ಹುಳು ಗೂಡು ಯಾಕೆ ಕಟ್ಟುತ್ತದೆ ಎಂಬ ಪದ್ಯಗಳೆಂದರೆ ಎಲ್ಲರಿಗೂ ಇಷ್ಟ. ಈಚಲು ಮರದಿಂದ ಇಳಿಸಿದ ನೀರಾ ಬಿಸಿಲೇರುವಷ್ಟರಲ್ಲಿ ಹೆಂಡವಾಗುತ್ತದಲ್ಲ, ಆ ಅಮಲು ಹೊರಗಿನಿಂದ ಬಂದು ಸೇರಿದ್ದಲ್ಲ, ಜೀವವೂ ಹಾಗೆಯೇ ಎಂಬ ಪದ್ಯಕ್ಕಂತೂ ಗಂಡಸರು ಬಿದ್ದು ಬಿದ್ದು ನಗುತ್ತಿದ್ದರು. ಸಾವಿನ ಭಾಗ ಬಂದಾಗ ಮಾತ್ರ ಒಬ್ಬೊಬ್ಬರೇ ಪಂಚೆ ಕೊಡವಿಕೊಂಡು ಎದ್ದು ಹೋಗುತ್ತಿದ್ದರು.

ಒಮ್ಮೆ ಒಬ್ಬರು ಮುದುಕರು ಕೇಳಿಯೇಬಿಟ್ಟರು. "ಸತ್ಮೇಲೆ ಏನೂ ಇಲ್ಲ ಅಂದ್ರೆ, ನಮ್ಮಪ್ಪಂಗೆ ವರ್ಸ ವರ್ಸ ಎಡೆ ಇಕ್ತೀವಲ್ಲ, ಅದನ್ಯಾರು ಉಣ್ತಾರೆ ಮೇಷ್ಟ್ರೇ?"

"ನೀವೇ ಉಣ್ತೀರಿ, ಇನ್ಯಾರು! ನಾನು ಹೇಳೋದಿಷ್ಟೇ ಗೌಡ್ರೇ, ಹೆದ್ರಬ್ಯಾಡಿ. ಸತ್ಮೇಲೆ ನೋವು ಅನ್ನಕ್ಕೆ ನೀವೇ ಇರಲ್ಲ."

ಅವ್ವ ಇದನ್ನೆಲ್ಲ ಕೇಳಲು ಬಂದವಳೇ ಅಲ್ಲ. ಸಂಜೆ ದೀಪ ಹಚ್ಚಿ, ಹುಳುಗಳಿಗೆ ಸೊಪ್ಪು ಹರಡುತ್ತ ಮನೆಯಲ್ಲೇ ಇರುತ್ತಿದ್ದಳು. ಪದ್ಯಗಳೆಲ್ಲ ಬಾಯಿಗೆ ಬರುತ್ತಿದ್ದುದು ತಂಗಿಗೆ. ಅಪ್ಪನಿಗಿಂತ ಚೆನ್ನಾಗಿ ಹಾಡುತ್ತಿದ್ದಳು.

ಆಗ ಹೆದ್ದಾರಿ ಅಗಲವಾಗುತ್ತಿತ್ತು. ರಾಮನಗರದ ಸುತ್ತ ಕಾರ್ಖಾನೆಗಳು ಏಳುತ್ತಿದ್ದವು. ತಂಗಿ ಪಿಯುಸಿ ಮುಗಿಸಿ ಒಂದು ಗಾರ್ಮೆಂಟ್ಸ್‌ಗೆ ಸೇರಿದಳು. ಬೆಳಗಾಗುತ್ತಲೇ ವ್ಯಾನು ಬರುತ್ತಿತ್ತು. ದಾರಿಯುದ್ದಕ್ಕೂ ಅವಳು ಅಪ್ಪನ ಪದ್ಯ ಹೇಳುತ್ತಿದ್ದಳೆಂದು ಜೊತೆಯ ಹುಡುಗಿಯರು ಆಮೇಲೆ ಹೇಳಿದರು. ಒಂದು ಬೆಳಿಗ್ಗೆ, ರಸ್ತೆಗೆ ಸುರಿದಿದ್ದ ಜಲ್ಲಿಯ ಮೇಲೆ ಜಾರಿ ವ್ಯಾನು ಮಗುಚಿತು. ಉಳಿದವರಿಗೆ ಕೈಕಾಲು ಮುರಿಯಿತು. ತಂಗಿ ಬದುಕಲಿಲ್ಲ.

ನಮ್ಮ ಸೊಪ್ಪಿನ ತೋಟದ ಮೂಲೆಯಲ್ಲೇ ಮಣ್ಣು ಮಾಡಿದರು. ಮನೆಗೆ ಬಂದ ಮೇಲೆ ಅವ್ವ ಅಪ್ಪನ ಎದುರಿಗೆ ಕೂತಳು.

"ಅಷ್ಟು ಓದಿದ್ದೀರಿ. ಹೇಳಿ, ನನ್ನ ಮಗ್ಳು ಈಗ ಎಲ್ಲವ್ಳೆ?"

ಅವ್ವ ಮತ್ತೆ ಕೇಳಿದಳು. ನಾನು ಅಪ್ಪನ ಬಾಯನ್ನೇ ನೋಡುತ್ತಿದ್ದೆ, ಏನಾದರೂ ಒಂದು ಹೇಳಲಿ ಎಂದು.

"ಎಲ್ಲೂ ಇಲ್ಲ ಕಣೆ," ಅಂದರು.

ಅವ್ವ ಅಳಲಿಲ್ಲ. "ಒಂದು ಸುಳ್ಳಾದ್ರೂ ಹೇಳ್ಬಾರ್ದಿತ್ತಾ?" ಎಂದು ಎದ್ದು ಒಳಗೆ ಹೋದಳು.

ಆ ಸುಳ್ಳನ್ನು ಅಪ್ಪ ತಡವಾಗಿ ಹೇಳಲು ಹೊರಟರು. ಹಾಲು ತುಪ್ಪ ಬಿಡುವ ದಿನ, ಯಾರೂ ಕರೆಯದಿದ್ದರೂ ತಾವೇ ಸ್ನಾನ ಮಾಡಿ ಬಂದು, ಅವಳನ್ನು ಹೂತ ಗುದ್ದದ ಮೇಲೆ ಹಾಲು ಹುಯ್ದರು. ಅವಳಿಗಿಷ್ಟವಾದ ಒಬ್ಬಟ್ಟು ಇಟ್ಟರು. "ಕಾಗೆ ಮುಟ್ತು ನೋಡೆ, ಅವಳೇ ಬಂದವ್ಳೆ," ಅಂದರು. ಅವ್ವ ಅವರ ಮುಖವನ್ನು ಒಂದು ಗಳಿಗೆ ನೋಡಿ, "ಬುಡಿ, ನಿಮಗದು ಬರಲ್ಲ," ಎಂದಳು. ಅಂದಿನಿಂದ ಮನೆಯಲ್ಲಿ ಸಂಜೆ ದೀಪ ಹಚ್ಚುವುದು ನಿಂತಿತು. ನಾನು ಹಚ್ಚಲು ಹೋದರೆ, "ಯಾರಿಗವ್ವಾ?" ಎನ್ನುತ್ತಿದ್ದಳು.

ಎರಡು ಮೂರು ವರ್ಷಕ್ಕೆ ತೋಟವೂ ಹೋಯಿತು. ಸುತ್ತಲಿನ ಹೊಲಗಳ ಜೊತೆ ಅದೂ ಕಾರ್ಖಾನೆಗಳಿಗೆಂದು ಗುರುತಾಗಿತ್ತು. ಮೂಳೆಗಳನ್ನಾದರೂ ಬೇರೆ ಕಡೆ ಹಾಕೋಣವೇ ಎಂದು ಚಿಕ್ಕಪ್ಪ ಕೇಳಿದರು. "ಅಲ್ಲಿರೋದು ಮಣ್ಣು. ಮಣ್ಣನ್ನ ಎಲ್ಲಿಗೆ ಅಂತ ಹೊತ್ಕೊಂಡು ಹೋಗ್ತೀಯಾ?" ಎಂದರು ಅಪ್ಪ. ಅವ್ವ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹುಳುಗಳ ಕಡೆಗೆ ಹೋದಳು.

ಬುಲ್ಡೋಜರ್ ಬಂದ ದಿನ ಅಪ್ಪ ಮನೆಯಲ್ಲಿರಲಿಲ್ಲ. ಹುಡುಕಿಕೊಂಡು ಹೋದೆ. ಹಿಪ್ಪುನೇರಳೆ ಗಿಡಗಳ ನಡುವೆ ನಿಂತು, ಉತ್ತರದ ಕಡೆಯವನಾದ ಡ್ರೈವರನಿಗೆ ಕೈ ಮುಗಿದು, ತಮಗೆ ಬರುವ ಎರಡು ಹಿಂದಿ ಮಾತಿನಲ್ಲಿ, "ಉಧರ್ ಸೇ, ಉಧರ್ ಸೇ," ಎನ್ನುತ್ತಿದ್ದರು. ಆ ಕಡೆಯಿಂದ ಶುರು ಮಾಡಪ್ಪ ಎಂದು. ಅವನು ಒಳ್ಳೆಯವನು, ಯಾಕೆಂದು ಕೇಳದೆ ಯಂತ್ರ ತಿರುಗಿಸಿ ಆ ಕಡೆಯಿಂದ ಶುರು ಮಾಡಿದ. ಊಟದ ಹೊತ್ತು ಕಳೆಯುವಷ್ಟರಲ್ಲಿ ಈ ಮೂಲೆಗೂ ಬಂದ. ಅಪ್ಪ ಬದುವಿನ ಮೇಲೆ ಕೂತು ನೋಡಿದರು. ಮನೆಗೆ ಹೋಗೋಣ ಎಂದರೆ, "ತಡಿಯವ್ವ, ಒಸಿ ತಡಿ," ಎಂದರು.

ಆಮೇಲೆ ಅವರು ಹಾಡಲಿಲ್ಲ, ಬರೆಯಲೂ ಇಲ್ಲ. ಸೊಪ್ಪಿಲ್ಲದೆ ಹುಳು ಸಾಕುವುದೂ ನಿಂತು ಅವ್ವನಿಗೆ ಕೆಲಸವಿಲ್ಲವಾಯಿತು. ಅವಳು ಕಾಯಿಲೆ ಬಿದ್ದು ಮಲಗಿದಾಗ ಊರ ಹೆಂಗಸರು, "ಮಗಳ ಹತ್ರ ಹೊಂಟೆ ಅನ್ಕೋ," ಎಂದು ಸಮಾಧಾನ ಹೇಳಿದರು. ಅವ್ವ ಗೋಡೆಯ ಕಡೆ ಹೊರಳಿದಳು.

ಅವಳು ತೀರಿಕೊಂಡಾಗ ಅಪ್ಪ ಒಂದು ಶಾಸ್ತ್ರವನ್ನೂ ಬಿಡದೆ ಮಾಡಿದರು. ಮೇಷ್ಟ್ರಿಗೆ ಕೊನೆಗೂ ಬುದ್ಧಿ ಬಂತೆಂದು ಊರಿನ ಹಿರಿಯರಿಗೆ ಸಂತೋಷ. ತಿಥಿ ಮುಗಿದು ಜನರೆಲ್ಲ ಹೋದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದೆ. ಅಪ್ಪ ಹಿತ್ತಲ ಬಾಗಿಲಲ್ಲಿ ಬಂದು ನಿಂತರು.

"ಅಷ್ಟು ವರ್ಸ ಹಾಡ್ದೆ. ಊರಾಗೆ ಒಬ್ರೂ ನಂಬ್ಲಿಲ್ಲ ಕಣವ್ವ. ನಿಮ್ಮವ್ವ ಒಬ್ಳು ನಂಬ್ಬುಟ್ಲು."

ತೊಳೆದ ಪಾತ್ರೆಗಳನ್ನು ಅವರು ಒಂದೊಂದಾಗಿ ಒಳಗೆ ಸಾಗಿಸತೊಡಗಿದರು.