ಹೋದವರ ಬೆನ್ನಿಗೆ ಕಸಬರಿಗೆ

ಟಾಂಗಾ ಇನ್ನೂ ಗೇಟು ದಾಟಿರಲಿಲ್ಲ. ಅದರಲ್ಲಿ ಕೂತ ಮನುಷ್ಯ ತಿರುಗಿ ನೋಡಿದರೆ ನಮ್ಮ ಮುಖ ಕಾಣುವಷ್ಟು ಹತ್ತಿರದಲ್ಲಿದ್ದ. ಅಷ್ಟರಲ್ಲೇ ಖೈರುನ್‌ಬಿ ನನ್ನ ಕೈಗೆ ಕಸಬರಿಗೆ ಕೊಟ್ಟು, "ಹೂಂ, ಹೊಡಿ" ಅಂದಳು.

ನಾನು ಹಿಡಿದುಕೊಂಡು ಹಾಗೇ ನಿಂತೆ.

"ಯಾಕ, ಕಸಾ ಹೊಡದ ಗೊತ್ತಿಲ್ಲೇನ ನಿನಗ?"

"ಗೊತ್ತೈತ್ರಿ. ಮನಷ್ಯಾ ಇನ್ನಾ ಇಲ್ಲೇ ಅದಾನಲ್ರಿ."

ಎಪ್ಪತ್ತರ ದಶಕ ಆಗ ತಾನೇ ಶುರುವಾಗಿತ್ತು. ಬೆಳಗಾವಿ ಸ್ಟೇಷನ್ ಹತ್ತಿರದ ಒಂದು ಲಾಡ್ಜಿನಲ್ಲಿ ಅದು ನನ್ನ ಮೊದಲ ದಿನ. ಖಾನಾಪುರದ ಕಾಡಿನ ಕಡೆಯ ನಮ್ಮೂರು ಗುಂಜಿಯಲ್ಲಿ ಮನೆಯಿಂದ ಯಾರಾದರೂ ಊರಿಗೆ ಹೊರಟರೆ, ಅವರು ಹೋಗಿ ಮುಟ್ಟಿರಬೇಕು ಅನ್ನಿಸುವ ತನಕ ಕಸ ಹೊಡೆಯುವುದಿಲ್ಲ. ಹೊರಟವರ ಬೆನ್ನಿಗೇ ಹೊಡೆಯುವುದು ಹೆಣ ಎತ್ತಿದಾಗ ಮಾತ್ರ. ಕಾಡಿನಲ್ಲಿ ಮರ ಕಡಿಯಲು ಹೋದ ನನ್ನ ಗಂಡನ ಮೇಲೆ ಮರವೇ ಬಿದ್ದಿತ್ತು. ಅವನನ್ನು ಮಣ್ಣಿಗೆ ಒಯ್ದ ಕೂಡಲೇ ನಮ್ಮ ನಡುಮನೆಯನ್ನು ಗುಡಿಸಿ ನೀರು ಹಾಕಿದ್ದನ್ನು ಕಣ್ಣಾರೆ ನೋಡಿ ಬಂದವಳು ನಾನು. ಬಂದ ಊರಿನಲ್ಲಿ ಅದನ್ನೇ ಹೊಟ್ಟೆಪಾಡು ಮಾಡಿಕೋ ಅಂದರೆ ಹೇಗೆ?

ಖೈರುನ್‌ಬಿ ಅಲ್ಲಿ ಹಳಬಳು. ನಾನು ಕಾರಣ ಹೇಳಿದ ಮೇಲೆ ನಗಲಿಲ್ಲ. "ನಮ್ಮ ಮನ್ಯಾಗೂ ಹೊಡೆಯೂದಿಲ್ಲವಾ. ಆದ್ರ ಇದು ಮನಿ ಅಲ್ಲ. ಮನ್ಯಾಗ ಹೋದವರು ತಿರಗಿ ಬರಲಿ ಅಂತ ಕಸಾ ಬಿಡತೇವಿ. ಇಲ್ಲಿ ಹೋದವರು ಹೋಗಲಿ, ಬ್ಯಾರೆದವರು ಬರಲಿ ಅಂತ ಹೊಡೀತೇವಿ. ಹೊಡಿ ಇನ್ನ."

ಹೊಡೆದೆ. ಕೆಳಗಿನಿಂದ ಮ್ಯಾನೇಜರ್ "ಏಳು ಖಾಲಿ!" ಎಂದು ಕೂಗುತ್ತಿದ್ದ. ಏಳನೇ ಖೋಲಿಯ ಮನುಷ್ಯ ಹೋದ, ಗುಡಿಸಿರಿ ಎಂದು ಅದರ ಅರ್ಥ. ಗುಂಜಿಯಲ್ಲಿ ಕೊಡ ಖಾಲಿ ಆಗುತ್ತದೆ, ಡಬ್ಬಿ ಖಾಲಿ ಆಗುತ್ತದೆ. ಮನುಷ್ಯ ಹೋದರೂ ಖಾಲಿ ಅನ್ನಬಹುದು ಎಂದು ಇಲ್ಲಿ ಕಲಿತೆ.

ಊರಿನವರು ಕೇಳುತ್ತಾರೆ, ಬೆಳಗಾವಿಯಲ್ಲಿ ಏನು ಕಷ್ಟ, ನಳ ತಿರುಗಿಸಿದರೆ ನೀರು, ದೀಪ ಇದೆ, ಕರಡಿಯ ಅಂಜಿಕೆ ಇಲ್ಲ ಅಂತ. ಖರೆ. ಆದರೆ ಗುಂಜಿಯಲ್ಲಿ ಬಾವಿಗೆ ಹೋಗಿ ಬರುವಷ್ಟರಲ್ಲಿ ಹತ್ತು ಜನ "ಊಟ ಆತೇನ?" ಅನ್ನುತ್ತಾರೆ. ಇಲ್ಲಿ ನನ್ನ ಊಟ ಆಯಿತೋ ಇಲ್ಲವೋ ನಾನೇ ನನ್ನನ್ನು ಕೇಳಿಕೊಳ್ಳಬೇಕು. ಮೊದಲ ವರ್ಷ ಬೇಕರಿಯ ಪಾವನ್ನು ಚಹಾದಲ್ಲಿ ಅದ್ದಿ ತಿಂದು ಮಲಗಿದ್ದೇ ಹೆಚ್ಚು. ಪಾವು ಹೊಟ್ಟೆಯಲ್ಲಿ ಉಬ್ಬುತ್ತದೆ, ನಿಲ್ಲುವುದಿಲ್ಲ. ನಮ್ಮ ಕೆಂಪಕ್ಕಿ ಗಂಜಿಯ ಮುಂದೆ ಅದೇನು?

ಮಾತಿನ ತೊಂದರೆ ಇರಲಿಲ್ಲ. ಖಾನಾಪುರದ ಕಡೆಯವರಿಗೆ ಕನ್ನಡ, ಮರಾಠಿ ಎರಡೂ ಬಾಯಲ್ಲೇ ಇರುತ್ತವೆ. ತೊಂದರೆ ಇದ್ದದ್ದು 'ಲಾಡ್ಜು' ಎಂಬ ಮಾತಿನಿಂದ. ಲಾಡ್ಜಿನಲ್ಲಿ ಕೆಲಸ ಮಾಡುವ ಗಂಡನಿಲ್ಲದ ಹೆಂಗಸು ಅಂದರೆ ಜನ ಏನು ತಿಳಿಯುತ್ತಾರೆ, ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅವ್ವನೂ ಅದನ್ನೇ ತಿಳಿದಿದ್ದಳು. ನನ್ನ ಮಗಳು ನೀಲಾಳನ್ನು ಗುಂಜಿಯಲ್ಲಿ ಅವಳ ಹತ್ತಿರ ಬಿಟ್ಟು ಬಂದಿದ್ದೆ. "ನಿನ್ನ ಹೊಟ್ಟಿಗೆ ನೀ ದುಡಿ. ಲಾಡ್ಜಿನ ನೆಳ್ಳಿಗೆ ನನ್ನ ಮೊಮ್ಮಗಳನ್ನ ಕಳಸೂದಿಲ್ಲ" ಅಂದಿದ್ದಳು.

ಕೆಲವು ವರ್ಷಕ್ಕೆ ಖೈರುನ್‌ಬಿಯ ಮೊಳಕಾಲು ಮೆಟ್ಟಿಲು ಹತ್ತದಂತಾದವು. ಅವಳ ಜಾಗಕ್ಕೆ ನನ್ನನ್ನು ಸುಪರ್‌ವೈಜರ್ ಮಾಡಿದರು. ಎಲ್ಲ ಖೋಲಿಗಳ ಜವಾಬ್ದಾರಿ ನನ್ನದು. ನಾನೇ ಗುಡಿಸುವುದು ಕಡಿಮೆಯಾಯಿತು, ಗುಡಿಸಿದವರ ಹಿಂದೆ ಹೋಗಿ ನೋಡುವುದು ಹೆಚ್ಚಾಯಿತು. ತಲೆದಿಂಬಿಗೆ ಮೂಗು ಹಚ್ಚಿ ನೋಡಬೇಕು, ಕಣ್ಣಿಗೆ ಬಿಳಿ ಕಂಡರೂ ಮೂಗಿಗೆ ತಲೆ ಎಣ್ಣೆಯ ವಾಸನೆ ಸಿಗುತ್ತದೆ. ಸಾಬೂನಿಗೆ ಕೂದಲು ಹತ್ತಿರಬಾರದು. ಪಲಂಗದ ಕೆಳಗೆ ಬಗ್ಗಿ ನೋಡದೆ ಬಾಗಿಲು ಹಾಕಬಾರದು. ಹಳ್ಳಿಯಿಂದ ಹೊಸದಾಗಿ ಬಂದವರು ನನ್ನಂತೆಯೇ ಕಸಬರಿಗೆ ಹಿಡಿದು ನಿಲ್ಲುತ್ತಿದ್ದರು. ನಾನು ಬೈಯುತ್ತಿದ್ದೆ: "ಮದ್ಲ ಕೈ ಓಡಲಿ. ಮನಸು ಹಿಂದಿಂದ ಬರತೈತಿ."

ಆಗ ಹಿಂದವಾಡಿಯ ಒಂದು ಚಾಳಿನಲ್ಲಿ, ಅಂದರೆ ಸಾಲು ಬಾಡಿಗೆ ಮನೆಗಳಲ್ಲಿ, ಒಂದು ಖೋಲಿ ಕೇಳಲು ಹೋದೆ. ಜೊತೆಗೆ ಖೈರುನ್‌ಬಿ ಬಂದಳು. ಮನೆಯೊಡತಿ ನನ್ನನ್ನು ಮೇಲೆ ಕೆಳಗೆ ನೋಡಿ, "ಇಕಿ ನಿನಗೇನಾಗಬೇಕು?" ಎಂದು ಅವಳನ್ನು ಕೇಳಿದಳು.

"ತಂಗಿ ಆಗಬೇಕ್ರಿ."

"ನೀ ಮುಸಲ್ಮಾನರಾಕಿ, ಇಕಿ ಕೊರಳಾಗ ಲಿಂಗಾ ಐತಿ. ಅದ್ಹೆಂಗ ತಂಗಿ?"

"ಕಸಬರಿಗಿ ಒಂದ ಐತಲ್ರಿ ಅಕ್ಕಾರ."

ಆಕೆ ನಕ್ಕುಬಿಟ್ಟಳು. ನಗಿಸಿದವರಿಗೆ ಬಾಗಿಲು ಹಾಕುವುದು ಕಷ್ಟ. ಖೋಲಿ ಸಿಕ್ಕಿತು. ಹತ್ತಿರದಲ್ಲೇ ಶಾಲೆಯೂ ಇತ್ತು. ಅವ್ವನಿಗೆ ಹೇಳಿ ಕಳಿಸಿದೆ: ಬಂದು ನೋಡು, ಸರಿ ಅನ್ನಿಸಿದರೆ ನೀಲಾಳನ್ನು ಬಿಟ್ಟು ಹೋಗು.

ಬಂದಳು. ನಾನು ಖೋಲಿ ತಪಾಸಣೆ ಮಾಡುವಂತೆಯೇ ಅವ್ವ ನನ್ನ ಮನೆಯ ತಪಾಸಣೆ ಮಾಡಿದಳು. ದೇವರ ಜಗಲಿಯ ಮೂಲೆಗೆ ಬೆರಳು ಹಾಕಿದಳು. ಡಬ್ಬಿಗಳ ಮುಚ್ಚಳ ತೆಗೆದಳು. ಬಾಜುಮನೆಯವಳನ್ನು ಕರೆದು, ನಾನು ಎಷ್ಟು ಹೊತ್ತಿಗೆ ಹೋಗುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ, ಯಾರು ಬಂದು ಹೋಗುತ್ತಾರೆ ಎಂದು ನನ್ನ ಎದುರಿಗೇ ಕೇಳಿದಳು. ನೀಲಾ ನಳದ ಹತ್ತಿರ ಕೂತು, ತಿರುಗಿಸಿ ಬಿಟ್ಟು, ತಿರುಗಿಸಿ ಬಿಟ್ಟು, ನೀರಾಟದಲ್ಲಿ ಮೈಮರೆತಿದ್ದಳು. ಕೆಲ ದಿನ ಇದ್ದು ಅವ್ವ ನಾನು ತಂದ ಸಿಹಿ ಕುಂದಾ ಬಾಯಿಗೆ ಹಾಕಿಕೊಂಡು ಹೇಳಿದಳು: "ಇರಲಿ. ಹುಡಿಗಿ ಇಲ್ಲೇ ಇರಲಿ. ಸಾಲಿಗೆ ಹಚ್ಚು."

ಇಷ್ಟು ವರ್ಷ ನಾನು ಕಾದಿದ್ದು ಆ ಒಂದು ಮಾತಿಗೆ.

ಖೈರುನ್‌ಬಿಯ ಗಂಡ ಟಾಂಗಾ ಹೊಡೆಯುತ್ತಿದ್ದ. ನನಗೆ ಲಾಡ್ಜಿಗೆ ಹೊತ್ತಾಗಿತ್ತು, ಅವ್ವನನ್ನು ಸ್ಟೇಷನ್ನಿನಲ್ಲಿ ರೈಲುಗಾಡಿಗೆ ಕೂರಿಸಿ ಬರುತ್ತೇನೆ ಎಂದು ಅವನೇ ಬಂದ. ಅವ್ವ ಟಾಂಗಾ ಹತ್ತಿದಳು. ನಾನು ಒಳಗೆ ಬಂದೆ. ನೆಲದ ಮೇಲೆ ಅವಳು ಕಿತ್ತು ಹಾಕಿದ ಎಲೆಯ ತೊಟ್ಟು, ಅಡಿಕೆ ಚೂರು, ಚುರುಮುರಿ ಬಿದ್ದಿದ್ದವು. ಬಾಗಿಲ ಹಿಂದೆ ಕಸಬರಿಗೆ ಇತ್ತು. ತಗೋಬೇಕು ಎಂದು ನಾನು ವಿಚಾರ ಮಾಡಿದ ನೆನಪೇ ಇಲ್ಲ. ಅರ್ಧ ಮನೆ ಗುಡಿಸಿದ್ದೆ, ಬಾಗಿಲಿಗೆ ನೆರಳು ಬಿತ್ತು. ಎಲೆಸಂಚಿ ಮರೆತು ಅವ್ವ ಓಣಿಯ ತಿರುವಿನಿಂದಲೇ ವಾಪಸು ಬಂದಿದ್ದಳು.

"ನನ್ನ ಹೆಣಾ ಎತ್ತಿದ್ರೇನವಾ?"

"ಯವ್ವಾ, ರೂಢಿ ಐತಿ. ದಿನಾ ಅದ ಕೆಲಸ ನೋಡು, ಕೈ ತಾನ ಹೋಗತೈತಿ..."

"ಹಾಂ, ಅದನ್ನ ಹೇಳತೇನಿ. ಹೆತ್ತಾಕಿಗೂ ಲಾಡ್ಜಿನ್ಯಾಗ ಇಳದಾವರಿಗೂ ನಿನ್ನ ಕೈಗೆ ಫರಕ ತಿಳಿಯವಲ್ದು. ನಾಳೆ ಈ ಹುಡಿಗಿ ಕೈಗೂ ತಿಳಿಯೂದಿಲ್ಲ." ನನ್ನ ಕಡೆ ಮತ್ತೆ ನೋಡಲಿಲ್ಲ. "ನೀಲಾ, ನಿನ್ನ ಅರಿವಿ ಗಂಟ ತಗೋ."

"ನೀಲಾ ಎಲ್ಲಿಗೂ ಹೋಗೂದಿಲ್ಲ" ಅಂದೆ ನಾನು. ಕೈಯಲ್ಲಿ ಕಸಬರಿಗೆ ಹಾಗೇ ಇತ್ತು.

ನಳದ ಹತ್ತಿರ ಆಡುತ್ತಿದ್ದ ನೀಲಾ ನನ್ನ ಮುಖ ನೋಡಲಿಲ್ಲ, ಕಸಬರಿಗೆ ನೋಡಿದಳು. ಆಮೇಲೆ ಗಂಟು ತೆಗೆದುಕೊಂಡಳು. ನಳದಿಂದ ನೀರು ಸುರಿಯುತ್ತಲೇ ಇತ್ತು. ಟಾಂಗಾ ಹೋಯಿತು. ನಾನು ನಳ ನಿಲ್ಲಿಸಿ, ಉಳಿದರ್ಧ ಮನೆ ಗುಡಿಸದೆ ಕೀಲಿ ಹಾಕಿಕೊಂಡು ಕೆಲಸಕ್ಕೆ ಹೋದೆ.

"ಹೋಗಿ ಕಾಲ ಹಿಡದ ಕರಕೊಂಡ ಬಾ" ಎಂದು ಖೈರುನ್‌ಬಿ ಎಷ್ಟೋ ಸಲ ಹೇಳಿದಳು. ಹೋದೆ, ಕಾಲು ಮಾತ್ರ ಹಿಡಿಯಲಿಲ್ಲ. ನಾನು ಕದ್ದಿಲ್ಲ, ಸುಳ್ಳು ಹೇಳಿಲ್ಲ, ಕೆಲಸ ಕಲಿತಿದ್ದೆ ಅಷ್ಟೇ. ಅವ್ವ ಹಟದವಳು, ನಾನು ಅವಳ ಮಗಳು. ನೀಲಾ ಗುಂಜಿಯಲ್ಲೇ ಬೆಳೆದಳು, ಖಾನಾಪುರಕ್ಕೆ ಮದುವೆಯಾಗಿ ಹೋದಳು. ಅವಳಿಗೆ 'ಅವ್ವ' ಅಂದರೆ ನಮ್ಮ ಅವ್ವ. ನಾನು 'ಬೆಳಗಾಂವಿ ಅವ್ವ'. ಅವ್ವ ತೀರಿಕೊಂಡ ಮೇಲೂ ಆ ಹೆಸರು ಬದಲಾಗಲಿಲ್ಲ. ಗುಂಜಿಯವರಿಗೆ ನಾನು ಬೆಳಗಾಂವಿಯಾಕಿ, ಚಾಳಿನವರಿಗೆ ಇವತ್ತಿಗೂ ಗುಂಜಿಯಾಕಿ.

ಖಾನಾಪುರದಿಂದ ನಾನು ಹೊರಡುವಾಗ ನೀಲಾ ಕಸ ಹೊಡೆಯುವುದಿಲ್ಲ. ನಾನು ಕಿತ್ತು ಹಾಕಿದ ಎಲೆಯ ತೊಟ್ಟು ಸಂಜೆಯ ತನಕ ಹಾಗೇ ಬಿದ್ದಿರುತ್ತದಂತೆ, ಮೊಮ್ಮಗ ಹೇಳುತ್ತಾನೆ. ಅವ್ವ ಅವಳಿಗೆ ಚೆನ್ನಾಗಿ ಕಲಿಸಿದ್ದಾಳೆ. ಕೇಳಿದಾಗ ಸಮಾಧಾನವೂ ಆಗುತ್ತದೆ, ಸಿಟ್ಟೂ ಬರುತ್ತದೆ.

ಅವರು ರಜೆಗೆ ಇಲ್ಲಿಗೆ ಬಂದರೆ, ವಾಪಸು ಹೊರಡುವ ಮುಂಜಾನೆ ನಾನು ಮೊದಲು ಮಾಡುವ ಕೆಲಸ ಕಸಬರಿಗೆಯನ್ನು ಬಾಜುಮನೆಯಲ್ಲಿ ಇಟ್ಟು ಬರುವುದು. ಮನಸ್ಸಿನ ಮೇಲೆ ನನಗೆ ನಂಬಿಕೆ ಇದೆ, ಕೈಯ ಮೇಲೆ ಇಲ್ಲ. ಮೊನ್ನೆಯೂ ಇಟ್ಟು ಬಂದೆ. ಮಕ್ಕಳು ಹೋದರು. ನೆಲದ ತುಂಬ ಚುರುಮುರಿ, ಇರುವೆ ಬಂದಿದ್ದವು. ದಾಟಿಕೊಂಡೇ ಓಡಾಡಿದೆ.

ಸ್ವಲ್ಪ ಹೊತ್ತಿಗೆ ಬಾಜುಮನೆಯವಳು ಹೊಸ್ತಿಲಿಗೆ ಬಂದು, "ಗೌರಕ್ಕಾ, ಕಸಬರಿಗಿ ಒಯ್ಯೂದಿಲ್ಲೇನ್ರಿ?" ಅಂದಳು.

"ಅಲ್ಲೇ ಇರಲಿ ಬಿಡವಾ" ಅಂದೆ. "ಗಾಡಿ ಇನ್ನಾ ಖಾನಾಪುರ ಮುಟ್ಟಿಲ್ಲ."