ಕಳಸೂಬಾಯಿಗೆ ಒಯ್ದ ಉಡಿ

ಓಝರಿನ ವಿಮಾನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಾವಿದ್ದಾಗಿನ ಮಾತು. ನನ್ನ ಹೆಂಡತಿ ಎರಡು ಸಲ ಬಸಿರಾದಳು, ಎರಡೂ ಉಳಿಯಲಿಲ್ಲ. ನಾಸಿಕದ ಡಾಕ್ಟರು ರಿಪೋರ್ಟುಗಳನ್ನು ತಿರುವಿ ಎಲ್ಲಾ ನಾರ್ಮಲ್ ಇದೆ ಎಂದರು. ಎಲ್ಲಾ ನಾರ್ಮಲ್ ಇದ್ದರೆ ನಾವು ಯಾಕೆ ನಿಮ್ಮ ಬಾಗಿಲಿಗೆ ಬರುತ್ತೇವೆ ಎಂದು ರೇಗಿದೆ. ಅವರು ಕನ್ನಡಕ ಒರೆಸಿಕೊಂಡು ಮುಂದಿನವರನ್ನು ಕರೆದರು.

ಗದಗಿನಿಂದ ಅತ್ತೆ ಬಂದರು. ಪಕ್ಕದ ಮನೆಯ ಮರಾಠಿ ಅಜ್ಜಿ ಅವರ ಕಿವಿಯಲ್ಲಿ ಏನು ಊದಿದರೋ, ಕಳಸೂಬಾಯಿಗೆ ಉಡಿ ತುಂಬಬೇಕೆಂದು ಹಟ ಹಿಡಿದರು. ಕಳಸೂಬಾಯಿ ಎಂದರೆ ಅಕೋಲೆ ತಾಲ್ಲೂಕಿನ ಒಂದು ಮೂಲೆಯಲ್ಲಿರುವ ಶಿಖರ. ಆ ತಾಲ್ಲೂಕಿಗೇನು, ಇಡೀ ಮಹಾರಾಷ್ಟ್ರಕ್ಕೇ ಅದಕ್ಕಿಂತ ಎತ್ತರದ್ದಿಲ್ಲ. ತುದಿಯಲ್ಲಿ ದೇವಿಯ ಪುಟ್ಟ ಗುಡಿ. ಕಡಿದಾದ ಕಡೆಗಳಲ್ಲಿ ಕಬ್ಬಿಣದ ಏಣಿ.

ಬೆಟ್ಟದ ಬುಡದ ಬಾರಿ ಎಂಬ ಹಳ್ಳಿಯಲ್ಲಿ, ಮೊಣಕಾಲು ನೋವಿನ ಅತ್ತೆ ಒಂದು ಮನೆಯ ಕಟ್ಟೆಯ ಮೇಲೆ ಕುಳಿತು ಮಗಳ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಅರಿಸಿನ ಕೊಂಬು, ಅಡಿಕೆ, ಕುಪ್ಪಸದ ಖಣ ಹಾಕಿದರು. "ಸೀದಾ ದೇವಿ ಮುಂದನ ಬಿಚ್ಚು. ದಾರ್ಯಾಗ ಎಲ್ಲೂ ಕೆಳಗ ಇಡಬ್ಯಾಡ. ಗಂಡಸರ ಕೈಯಾಗ ಅಂತೂ ಕೊಡಲೇಬ್ಯಾಡ," ಎಂದರು. ಅವರ ಮನೆತನದ ಪದ್ಧತಿ ಅದು.

ಸೆರಗಿನ ಗಂಟನ್ನು ಸೊಂಟಕ್ಕೆ ಸಿಕ್ಕಿಸಿದರೆ ಕಾಯಿಯ ಭಾರಕ್ಕೆ ಜಾರುತ್ತಿತ್ತು. ಹಾಗಾಗಿ ಒಂದು ಕೈಯಲ್ಲಿ ಅದನ್ನು ಹೊಟ್ಟೆಗೆ ಒತ್ತಿ ಹಿಡಿದೇ ಹತ್ತಿದಳು. ಕಾರ್ಖಾನೆಯಲ್ಲಿ ಏಣಿ ಹತ್ತುವಾಗ ಎರಡೂ ಕೈ ಖಾಲಿ ಇರಬೇಕೆಂದು ಹೊಸ ಹುಡುಗರಿಗೆ ದಿನಾ ಬೈಯುವವನು ನಾನು. ಮೊದಲ ಏಣಿಗಳನ್ನು ಅವಳು ಒಂದೇ ಕೈಯಲ್ಲಿ ಏರುವಾಗ ಹಿಂದೆ ನಿಂತ ನಾನು ಅವಳ ಹಿಮ್ಮಡಿಯಿಂದ ಕಣ್ಣು ತೆಗೆಯಲಿಲ್ಲ.

ಕೊನೆಯ ಏಣಿ ಎಲ್ಲಕ್ಕಿಂತ ಕಡಿದು. ಗಾಳಿ ಬೇರೆ. ಅರ್ಧ ಏರಿದವಳು ಅಲ್ಲೇ ನಿಂತುಬಿಟ್ಟಳು.

"ಇಲ್ಲಿ ಕೊಡ, ನಾ ಬ್ಯಾಗಿನ್ಯಾಗ ಇಟ್ಕೋತೀನಿ," ಎಂದೆ.

"ಬ್ಯಾಡ್ರಿ."

"ಹಂಗಾರ ಎರಡೂ ಕೈಲೆ ಹಿಡಕೋ. ಹುಚ್ಚುಗಿಚ್ಚು ಹಿಡದೈತೇನ ನಿನಗ?"

"ಅವ್ವ ಹೇಳ್ಯಾಳ್ರಿ," ಎಂದಳು. ಏಣಿಯ ಕೆಳಗೆ ಕಾದು ನಿಂತ ಜನ "ಅಹೋ, ಪುಢೆ ಚಲಾ ನಾ" ಎಂದು ಮುಂದೆ ಸಾಗಲು ಅವಸರಿಸತೊಡಗಿದರು. ಅವಳು ಮುಂದೆ ಹೋಗಲಾರಳು, ನಾನು ಅವಳನ್ನು ಎತ್ತಲಾರೆ. ಅವಳ ಹಿಮ್ಮಡಿ ಹಿಡಿದು ಒಂದೊಂದೇ ಮೆಟ್ಟಿಲ ಮೇಲೆ ಇಡಿಸುತ್ತ ಕೆಳಗಿಳಿಸಿದೆ. ಬಂಡೆಯ ಮೇಲೆ ಕುಳಿತಳು. ಮೇಲೆ ಗುಡಿಯ ಗಂಟೆ ಬಾರಿಸುತ್ತಲೇ ಇತ್ತು. ನನಗೆ ದೇವಿಯ ಮೇಲೂ ಸಿಟ್ಟು ಬಂತು, ಅತ್ತೆಯ ಮೇಲೂ ಬಂತು.

ಅಷ್ಟರಲ್ಲಿ ದರ್ಶನ ಮುಗಿಸಿಕೊಂಡು ಹೊಸದಾಗಿ ಮದುವೆಯಾದ ಜೋಡಿಯೊಂದು ಇಳಿದು ಬಂತು. ಹುಡುಗಿಯ ಮೊಣಕೈವರೆಗೆ ಹಸಿರು ಬಳೆ. ನನ್ನ ಹೆಂಡತಿ ಎದ್ದು ನಿಂತು, "ಬಾಳಾ, ಇಕಡೆ ಯೇ. ಓಟಿ ಭರತೆ," ಎಂದಳು. ಇಲ್ಲಿ ಬಾ ಮಗು, ಉಡಿ ತುಂಬುತ್ತೇನೆ ಎಂದು; ಉಡಿಗೆ ಅವರಲ್ಲಿ ಓಟಿ ಎನ್ನುತ್ತಾರೆ. ಹುಡುಗಿ ಏನೂ ಕೇಳದೆ ಸೆರಗೊಡ್ಡಿದಳು. ಅಕ್ಕಿ, ಕಾಯಿ, ಖಣ ಎಲ್ಲವನ್ನೂ ಇವಳು ಅದರಲ್ಲಿ ಸುರಿದಳು. ಹುಡುಗಿ ಕಾಲಿಗೆ ನಮಸ್ಕರಿಸಿ ಗಂಡನ ಹಿಂದೆ ಇಳಿದು ಹೋದಳು.

"ಏನ ಮಾಡಿದಿ ನೀ?" ಎಂದೆ.

"ಆಕೀಗರೆ ಆಗ್ಲಿ. ನನಗ ಸಾಕಾತ್ರಿ. ಇನ್ನೊಂದ ಸಲ ಬಸಿರಾಗಿ ಇನ್ನೊಂದ ಸಲ ಕಳಕೊಳ್ಳೋದು ನನ್ನಿಂದ ಆಗೂದಿಲ್ಲ. ದೇವಿನ್ನೂ ಕೇಳೂದಿಲ್ಲ, ನಿಮ್ಮನ್ನೂ ಕೇಳೂದಿಲ್ಲ."

ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಲು ನನಗೇನಾದರೂ ಕೆಲಸ ಇರುತ್ತಿತ್ತು. ಬಿಸಿಲು ಏರುತ್ತಿತ್ತು. ಎರಡೂ ಕೈಯಲ್ಲಿ ಕಂಬಿ ಹಿಡಿದು ನನಗಿಂತ ಮುಂದೆ ಸರಸರ ಇಳಿದಳು.

ಬುಡದಲ್ಲಿ ಅತ್ತೆ ಎದ್ದು ಬಂದು ಬರಿದಾದ ಸೆರಗನ್ನು ಮುಟ್ಟಿ ನೋಡಿದರು. "ಉಡಿ ತುಂಬಿದೇನವಾ?"

"ತುಂಬಿದೆ ಬೇ," ಎಂದಳು.

ಅತ್ತೆಯ ಮುಖ ಅರಳಿತು. ಶಿಖರದ ಕಡೆ ತಿರುಗಿ ಕೈಮುಗಿದರು, ಮಗಳ ಕೆನ್ನೆ ಸವರಿ ಲಟಿಕೆ ಮುರಿದರು. ಆಮೇಲೆ ನನ್ನ ಕಡೆ ನೋಡಿ, "ಬರೂ ವರ್ಷ ಕೂಸಿನ್ನ ಕರಕೊಂಡನ ಬರೂಣು. ಹೌದಿಲ್ರಿ?" ಎಂದರು.

ಹೆಂಡತಿ ನೆಲ ನೋಡುತ್ತ ನಿಂತಿದ್ದಳು.

"ಹೌದ್ರಿ," ಎಂದೆ.